ಕಾಯಿಲೆಯ ಜೀನ್ ಯಾಕೆ ಅಳಿದುಹೋಗುವುದಿಲ್ಲ?

ಪ್ರಶ್ನೆ: ಅಕ್ಕನನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದೇವೆ. ಅವರ ಮೊದಲ ಮಗುವಿಗೆ ರಿಸೆಸಿವ್ ಮಾದರಿಯ ಆನುವಂಶಿಕ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ವಂಶದಲ್ಲಿ ಹಿಂದೆ ಯಾರಿಗೂ ಇರಲಿಲ್ಲ. ಇಂಥ ಮಕ್ಕಳು ಬೆಳೆದು ಸಂಸಾರ ಕಟ್ಟುವುದೇ ಅಪರೂಪವಂತೆ. ಹಾಗಾದರೆ ಆ ಜೀನ್ ಎಂದೋ ಮಾಯವಾಗಬೇಕಿತ್ತಲ್ಲವೇ?

ಉತ್ತರ: ಮೊದಲು ಒಂದು ಮಾತು. ಇದರಲ್ಲಿ ನಿಮ್ಮ ಅಕ್ಕನ ತಪ್ಪೂ ಇಲ್ಲ, ಮಾವನ ತಪ್ಪೂ ಇಲ್ಲ.

ಹೆಚ್ಚಿನ ಜೀನ್‌ಗಳ ಎರಡೆರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಂದೆಯಿಂದೊಂದು, ತಾಯಿಯಿಂದೊಂದು. ಎರಡೂ ಕೆಟ್ಟಿದ್ದರೆ ಮಾತ್ರ ಬರುವುದು ರಿಸೆಸಿವ್ ಕಾಯಿಲೆ. 10,000 ಜನರಲ್ಲಿ ಒಬ್ಬರಿಗೆ ಕಾಯಿಲೆ ಇದೆ ಎಂದುಕೊಳ್ಳಿ. ನೂರು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ, ಒಬ್ಬರಿಗೆ ಎರಡೂ ಕೆಟ್ಟವೇ ಸಿಗುವ ಸಾಧ್ಯತೆ 100 × 100, ಅಂದರೆ 10,000ಕ್ಕೆ ಒಂದು. ಹಾಗಾಗಿ ಅಷ್ಟು ಜನರಲ್ಲಿರುವ ಆ ಜೀನಿನ 20,000 ಪ್ರತಿಗಳಲ್ಲಿ ಸುಮಾರು 200 ಕೆಟ್ಟಿರುತ್ತವೆ. ರೋಗಿಯಲ್ಲಿರುವುದು ಎರಡೇ. ಮಿಕ್ಕ 198 ಪ್ರತಿಗಳು ಆರೋಗ್ಯವಾಗಿರುವ 198 ಮಂದಿಯಲ್ಲಿ, ತಲೆಗೊಂದರಂತೆ, ಅಡಗಿ ಕೂತಿರುತ್ತವೆ. ಅಂದರೆ ಸುಮಾರು ಐವತ್ತು ಜನರಲ್ಲಿ ಒಬ್ಬರು ಇಂಥ ವಾಹಕರು! 1908ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ, ಜರ್ಮನಿಯ ವೈದ್ಯ ವೈನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕ ಇದು. ಜನಸಂಖ್ಯೆ ದೊಡ್ಡದಾಗಿದ್ದು, ಮದುವೆಗಳು ಜೀನ್ ನೋಡದೆ ನಡೆಯುತ್ತಿದ್ದು, ವಲಸೆ, ಹೊಸ ಮ್ಯುಟೇಶನ್ (ಜೀನಿನಲ್ಲಾಗುವ ಬದಲಾವಣೆ), ಆಯ್ಕೆ (ಕೆಲವು ಜೀನ್ ಇರುವವರಿಗೆ ಮಕ್ಕಳು ಹೆಚ್ಚು ಅಥವಾ ಕಡಿಮೆ ಆಗುವುದು) ಯಾವುದೂ ಇಲ್ಲದಿದ್ದರೆ ಈ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಹಾಗೇ ಉಳಿಯುತ್ತದೆ.

ರೋಗಿಗಳಿಗೆ ಮಕ್ಕಳೇ ಆಗದಿದ್ದರೂ ಮೊದಲ ತಲೆಮಾರಿನಲ್ಲಿ ಕಳೆದುಹೋಗುವುದು 200ರಲ್ಲಿ ಎರಡು ಪ್ರತಿ ಮಾತ್ರ. ಕೆಟ್ಟ ಪ್ರತಿಗಳು ಕಡಿಮೆಯಾದಂತೆ ರೋಗಿಗಳೂ ಕಡಿಮೆಯಾಗಿ, ಈ ನಷ್ಟ ಇನ್ನೂ ನಿಧಾನವಾಗುತ್ತದೆ. ಕೆಟ್ಟ ಪ್ರತಿಗಳ ಪ್ರಮಾಣ ಅರ್ಧಕ್ಕಿಳಿಯಲು ನೂರು ತಲೆಮಾರು ಬೇಕು, ಅಂದರೆ ಸುಮಾರು 2,500 ವರ್ಷ. ಅಷ್ಟರಲ್ಲಿ ಹೊಸ ಮ್ಯುಟೇಶನ್‌ಗಳೂ ಸೇರಿಕೊಳ್ಳುತ್ತವೆ.

ಸೋದರಿಕೆಯ ಮದುವೆ ಕೆಟ್ಟ ಜೀನನ್ನು ಹುಟ್ಟಿಸುವುದಿಲ್ಲ, ಹೆಚ್ಚಿಸುವುದೂ ಇಲ್ಲ. ಅಡಗಿದ್ದ ಎರಡು ಪ್ರತಿಗಳನ್ನು ಒಂದೇ ಮಗುವಿನಲ್ಲಿ ಕೂಡಿಸುವ ಸಾಧ್ಯತೆ ಹೆಚ್ಚಿಸುತ್ತದೆ, ಅಷ್ಟೆ. ನಿಮ್ಮ ಮನೆಯಲ್ಲಿ ಬಹುಶಃ ಅಜ್ಜನಲ್ಲೋ ಅಜ್ಜಿಯಲ್ಲೋ ಇದ್ದ ಒಂದು ಪ್ರತಿ ಮಾವನಿಗೂ ಬಂದಿದೆ, ನಿಮ್ಮ ತಾಯಿಯ ಮೂಲಕ ಅಕ್ಕನಿಗೂ ಬಂದಿದೆ. ಮೇಲಿನ ಉದಾಹರಣೆಯಲ್ಲೇ, ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಅಪಾಯ 10,000ಕ್ಕೆ ಒಂದರಿಂದ ಸುಮಾರು 750ಕ್ಕೆ ಒಂದಕ್ಕೆ ಏರುತ್ತದೆ. ಕಾಯಿಲೆ ಅಪರೂಪವಾದಷ್ಟೂ ಅಪಾಯ ಹೆಚ್ಚು ಪಟ್ಟು ಏರುತ್ತದೆ. ಆದರೂ ಹೆಚ್ಚಿನ ಜೋಡಿಗಳ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಹಾಗಾಗಿ ಹಿರಿಯರಿಗೆ ಇದು ಕಣ್ಣಿಗೆ ಬೀಳಲಿಲ್ಲ.

ಈಗ ಅಕ್ಕ-ಮಾವ ಇಬ್ಬರೂ ವಾಹಕರಾದ್ದರಿಂದ ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು. ಮುಂದಿನ ಮಗುವಿಗೆ ಮೊದಲೇ, ಈ ಮಗುವಿನ ಜೀನ್ ಪರೀಕ್ಷೆಯ ವರದಿ ಹಿಡಿದು ಜೆನೆಟಿಕ್ ಕೌನ್ಸೆಲಿಂಗ್‌ಗೆ (ಆನುವಂಶಿಕ ಕಾಯಿಲೆಗಳ ಬಗ್ಗೆ ತಜ್ಞರ ಸಲಹೆಗೆ) ಹೋಗಲಿ. ಯಾವ ಮ್ಯುಟೇಶನ್ ಎಂದು ಗೊತ್ತಿದ್ದರೆ ಗರ್ಭದಲ್ಲೇ ಪರೀಕ್ಷಿಸಬಹುದು. ಅಕ್ಕನಿಗೆ ಅದು ತಾಯಿಯಿಂದ ಬಂದಿದ್ದರೆ ನೀವು ವಾಹಕರಾಗಿರುವ ಸಾಧ್ಯತೆಯೂ ಅರ್ಧಕ್ಕರ್ಧ. ಅದರಿಂದ ನಿಮ್ಮ ಆರೋಗ್ಯಕ್ಕೆ ತೊಂದರೆ ಇಲ್ಲ. ನಿಮಗೆ ಸಂಬಂಧದಲ್ಲೇ ಮದುವೆಯ ಮಾತು ನಡೆಯುತ್ತಿದ್ದರೆ ಮಾತ್ರ, ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರೂ ಈ ಜೀನಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.