ಪ್ವೋ ಮುಖವಾಡ ಕುಣಿಯುವುದು ಯಾವ ತಾಳಕ್ಕೆ?

ವಸ್ತುಸಂಗ್ರಹಾಲಯದಲ್ಲಿ ಚೋಕ್ವೆ ಜನರ ‘ಪ್ವೋ’ ಮುಖವಾಡವನ್ನು ಕಂಡ ತಾವು, ಹೆಣ್ಣಿನ ಆ ಮುಖವನ್ನು ಗಂಡಸರು ಧರಿಸುವುದೇಕೆ, ಅದರ ಕುಣಿತಕ್ಕೆ ಹಿಮ್ಮೇಳ ಹೇಗಿರುತ್ತದೆ ಎಂದು ಕೇಳಿದ್ದೀರಿ. ಮೃದಂಗ ಕಲಿತವನಾದ ನಾನು ಈ ಸಂಗೀತವನ್ನು ಧ್ವನಿಮುದ್ರಣಗಳಲ್ಲಿ ಮಾತ್ರ ಕೇಳಿದ್ದೇನೆ. ಆದರೂ ಹಿಮ್ಮೇಳದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಿಲ್ಲದೆ ಆ ಮುಖವಾಡ ಬರಿಯ ಮರ.

ಅಂಗೋಲಾದ ಈಶಾನ್ಯ ಮತ್ತು ಪೂರ್ವ ಭಾಗಗಳಲ್ಲೂ ಅದಕ್ಕೆ ತಾಗಿದ ಕಾಂಗೋ, ಜಾಂಬಿಯಾಗಳಲ್ಲೂ ನೆಲೆಸಿರುವ ಚೋಕ್ವೆಯರ ಡೋಲಿಗೆ ಎನ್‌ಗೋಮಾ ಎಂದು ಹೆಸರು. ದಿಮ್ಮಿಯನ್ನು ಕೊರೆದು, ಒಂದು ಬಾಯಿಗೆ ಚರ್ಮ ಬಿಗಿದು, ಬೆಂಕಿಯ ಬಳಿ ಕಾಯಿಸಿ, ನಡುವೆ ಕಪ್ಪು ಮೇಣವನ್ನು ಮೆತ್ತಿ ಅದನ್ನು ಶ್ರುತಿಗೆ ತರುತ್ತಾರೆ. ಕಛೇರಿಗೆ ಮುನ್ನ ಮೃದಂಗದ ಎಡಮುಖಕ್ಕೆ ನಾವು ರವೆಯ ಮುದ್ದೆ ಮೆತ್ತುವುದೂ ಇದೇ ತತ್ತ್ವದಿಂದ: ಚರ್ಮದ ಮೇಲೆ ಭಾರ ಹೆಚ್ಚಿದಷ್ಟೂ ನಾದ ತಗ್ಗುತ್ತದೆ, ತುಂಬಿಕೊಳ್ಳುತ್ತದೆ. ಇದಲ್ಲದೆ ಚರ್ಮವೇ ಇಲ್ಲದ, ಇಡೀ ಮರವನ್ನು ಸೀಳುಬಾಯಿಯಿಂದ ತೋಡಿ ಮಾಡಿದ ಚಿಂಗುವು ಎಂಬ ವಾದ್ಯವಿದೆ. ಅದರ ಎರಡು ಪಕ್ಕಗಳಿಂದ ಎರಡು ಸ್ಥಾಯಿಯ ನಾದ ಹೊರಡುತ್ತದೆ.

ನನ್ನನ್ನು ಹೆಚ್ಚು ಸೆಳೆದದ್ದು ಲಯದ ಕಟ್ಟು. ಒಬ್ಬನು ಕೋಲುಗಳಿಂದ ಡೋಲಿನ ಮರದ ಮೈಯನ್ನು ಹೊಡೆಯುತ್ತ ಒಂದೇ ನಡೆಯನ್ನು ಬಿಡದೆ ಕಾಯ್ದುಕೊಂಡಿರುತ್ತಾನೆ. ಕಚಾಚಾ ಎಂಬ ನೃತ್ಯದಲ್ಲಿ ಈ ನಡೆ 16 ಮಾತ್ರೆಗಳದ್ದು, ಆದರೆ ಪೆಟ್ಟುಗಳು ಸಮವಾಗಿ ಹಂಚಿಕೊಂಡಿರುವುದಿಲ್ಲ. ಇದಕ್ಕೂ ಬ್ರೆಜಿಲ್‌ನ ಸಾಂಬಾದ ನಡೆಗೂ ಇರುವ ನಂಟನ್ನು 1965ರಲ್ಲಿ ಅಂಗೋಲಾದಲ್ಲಿ ಕ್ಷೇತ್ರಕಾರ್ಯ ನಡೆಸಿದ ಸಂಗೀತಶಾಸ್ತ್ರಜ್ಞ ಗೆರ್ಹಾರ್ಡ್ ಕುಬಿಕ್ ಗುರುತಿಸಿದ್ದಾರೆ. ಗುಲಾಮರ ಹಡಗಿನಲ್ಲಿ ಬರಿಗೈಯಲ್ಲಿ ಸಾಗಿದವರು ಲಯವನ್ನು ಮಾತ್ರ ಕಳೆದುಕೊಳ್ಳಲಿಲ್ಲವೆಂದು ನೆನೆದಾಗ ಇಂದಿಗೂ ಮನಸ್ಸು ಭಾರವಾಗುತ್ತದೆ.

ಇನ್ನು ಪ್ವೋ. ಹುಡುಗರಿಗೆ ಸುನ್ನತಿ ಮಾಡಿ, ಊರಾಚೆಯ ಬಿಡಾರದಲ್ಲಿ ತಿಂಗಳುಗಟ್ಟಲೆ ಇರಿಸಿ ಹಾಡು, ಕುಣಿತ, ನಡತೆಗಳನ್ನು ಕಲಿಸುವ ಮುಕಾಂಡಾ ಸಂಸ್ಕಾರಕ್ಕೆ ಸೇರಿದ ವೇಷ ಇದು. ಇಂಥ ವೇಷಗಳನ್ನು ಮಕಿಶಿ ಎನ್ನುತ್ತಾರೆ; ಅವು ಹಿರಿಯರ ಆತ್ಮಗಳೆಂಬ ನಂಬಿಕೆ. ಅವುಗಳ ಗುಟ್ಟು ದೀಕ್ಷೆ ಪಡೆದ ಗಂಡಸರಿಗೆ ಮಾತ್ರ ತಿಳಿದಿರಬೇಕಾದ್ದರಿಂದ ಪ್ವೋ ಎಂಬ ಮೂಲತಾಯಿಯ ಮುಖವನ್ನೂ ಗಂಡಸೇ ಧರಿಸುತ್ತಾನೆ. ಮೈಗಂಟುವ ಹೆಣೆದ ನಾರಿನ ಅಂಗಿ, ಮರದ ಸ್ತನಗಳು, ಸೊಂಟದ ಕಟ್ಟು ತೊಟ್ಟು ಅವನು ಕಿರುಹೆಜ್ಜೆಗಳಲ್ಲಿ ಬಳುಕುತ್ತಾನೆ. ಹೆಂಗಸರು ಚಪ್ಪಾಳೆ ತಟ್ಟುತ್ತ ಹಾಡುತ್ತಾರೆ. ಹೆಣ್ಣಿನ ನಡಿಗೆಯನ್ನು ಅವರೆದುರೇ ತೋರಿಸಿ ಮೆಚ್ಚಿಸುವುದು ಸುಲಭವಲ್ಲ.

ನರ್ತಕನು ಮುಖವಾಡವನ್ನು ಪಡೆಯುವಾಗ ಕೆತ್ತಿದವನಿಗೆ ಲೋಹದ ಬಳೆಯೊಂದನ್ನು ವಧುದಕ್ಷಿಣೆಯಂತೆ ಕೊಡುತ್ತಿದ್ದನು. ನರ್ತಕನು ತೀರಿಕೊಂಡರೆ ಮುಖವಾಡವನ್ನೂ ಜೊತೆಗೆ ಹೂಳುವ ರೂಢಿಯಿತ್ತು. ತಾವು ಗಾಜಿನ ಹಿಂದೆ ಕಂಡದ್ದು ಹಾಗೆ ಮಣ್ಣು ಸೇರದೆ ಉಳಿದ ಒಂದು.