ಅಡುಗೆಮನೆ ಮೇಲೆ ಬಾಗಿದ ಮಾವಿನ ಕೊಂಬೆ

ಪ್ರಶ್ನೆ: ನಮ್ಮ ಹಿತ್ತಲಲ್ಲಿ 20 ವರ್ಷದ ರಸಪುರಿ ಮಾವಿನ ಮರವಿದೆ. ತೊಡೆ ಗಾತ್ರದ ಒಂದು ಕೊಂಬೆ ಅಡುಗೆಮನೆಯ ಹೆಂಚಿನ ಮೇಲೆ ಬಾಗಿದೆ. ಮರ ಕಡಿಯುವವರು ‘ತಲೆನೇ ಹಾರಿಸಿಬಿಡೋಣ’ ಅನ್ನುತ್ತಾರೆ. ನಮ್ಮ ಯಜಮಾನರು ತಾವೇ ಏಣಿ ಹಾಕಿ ಕತ್ತರಿಸಲು ಹೊರಟಿದ್ದಾರೆ. ಕಾಯಿ ಇನ್ನೂ ಮರದಲ್ಲೇ ಇದೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಏಣಿಯನ್ನು ಒಳಗಿಡಿಸಿ. ಮಣಿಕಟ್ಟಿನ ಗಾತ್ರದ, ನೆಲದಲ್ಲಿ ನಿಂತೇ ಕೈಗೆ ಎಟುಕುವ ಕೊಂಬೆಯಾದರೆ ಕೈಗರಗಸ ಹಿಡಿದು ನೀವೇ ಕತ್ತರಿಸಬಹುದು. ತೊಡೆ ಗಾತ್ರದ್ದು ಹಾಗಲ್ಲ. ಕತ್ತರಿಸಿದ ಕೊಂಬೆ ತಿರುಗಿ ಏಣಿಗೇ ಬಡಿಯುತ್ತದೆ. ಮರ ಹತ್ತಿ ಅಭ್ಯಾಸ ಇರುವವರನ್ನೇ ಕರೆಸಿ. ಹಗ್ಗ ಕಟ್ಟಿ, ತುದಿಯಿಂದ ತುಂಡು ತುಂಡಾಗಿ ಇಳಿಸಲಿ. ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆಗುವ ತನಕ ಯಾರನ್ನೂ ಹತ್ತಿಸಬೇಡಿ.

ತಲೆ ಹಾರಿಸಲು ಮಾತ್ರ ಒಪ್ಪಬೇಡಿ. ಕಡಿದ ಜಾಗದಲ್ಲಿ ಚಿಗುರುಗಳು ಗುಂಪಾಗಿ ಬರುತ್ತವೆ. ಅವುಗಳ ಬುಡ ಗಟ್ಟಿಯಿರುವುದಿಲ್ಲ. ನಾಲ್ಕೈದು ವರ್ಷದಲ್ಲಿ ಅವೇ ದಪ್ಪವಾಗಿ, ಗಾಳಿಗೆ ಮೊದಲು ಮುರಿದು ಬೀಳುತ್ತವೆ.

ತೀರ್ಥಹಳ್ಳಿ ಹತ್ತಿರದ ನನ್ನ ತವರಿನಲ್ಲಿ ಒಂದು ಹಲಸಿನ ಮರ ಇತ್ತು. ಅಪ್ಪ ಒಂದು ಕೊಂಬೆಯನ್ನು ಮೇಲಿನಿಂದಲೇ ಕಡಿಸಿದರು. ಅರ್ಧ ಕಡಿಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನು ಆಳುದ್ದ ಸೀಳಿಕೊಂಡು ಬಿತ್ತು. ಆ ಗಾಯದಲ್ಲಿ ಮಳೆಗಾಲವೆಲ್ಲ ನೀರು ನಿಂತಿತು. ಕೆಲವೇ ವರ್ಷದಲ್ಲಿ ಕೈ ತೂರುವಷ್ಟು ಪೊಟರೆ. ಅಷ್ಟು ಸಿಹಿ ತೊಳೆ ಕೊಟ್ಟ ಮರ ಅದು. ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಮೇಲೆ ಹತ್ತಿದವರಿಗೆ ಹೇಳಿ: ಮೊದಲ ಕೊಯ್ತ ಕೆಳಗಿನಿಂದ. ಕಾಂಡದಿಂದ ಒಂದಡಿ ಬಿಟ್ಟು, ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು. ಆಮೇಲೆ ಅದಕ್ಕಿಂತ ಎರಡು ಮೂರು ಇಂಚು ಆಚೆ, ಮೇಲಿನಿಂದ. ಕೊಂಬೆ ತೊಗಟೆ ಸೀಳದೆ ಕಳಚಿಕೊಳ್ಳುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಎಲ್ಲಿ ಅಂದರೆ, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಇರುತ್ತದೆ. ಕೈಯಾಡಿಸಿದರೆ ಗೊತ್ತಾಗುತ್ತದೆ. ಅದರ ಅಂಚಿನ ಹೊರಗೆ ಗರಗಸ ಇಡಬೇಕು. ಉಬ್ಬನ್ನು ಮುಟ್ಟಲೇಬಾರದು. ಗಾಯ ಮುಚ್ಚುವ ಹೊಸ ತೊಗಟೆ ಬರುವುದೇ ಅಲ್ಲಿಂದ. ನಮ್ಮಲ್ಲಿ ನೀಟಾಗಿ ಕಾಣಲಿ ಅಂತ ಕಾಂಡಕ್ಕೆ ಸಮವಾಗಿ ಹೆರೆದುಬಿಡುತ್ತಾರೆ, ದೊಡ್ಡ ತಪ್ಪು. ಮೋಟು ಉಳಿಸಿದರೂ ಅದು ಒಣಗಿ ಕೊಳೆಯುತ್ತದೆ. ಅಲೆಕ್ಸ್ ಶೈಗೋ ಎಂಬ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಮರ ನಮ್ಮ ಚರ್ಮದ ಹಾಗೆ ಗಾಯವನ್ನು ವಾಸಿಮಾಡಿಕೊಳ್ಳುವುದಿಲ್ಲ. ಗಾಯಕ್ಕೆ ಒಳಗಿನಿಂದ ಗೋಡೆ ಕಟ್ಟಿ, ಹೊರಗಿನಿಂದ ಮುಚ್ಚುತ್ತದೆ.

ಡಾಂಬರು, ಪೇಂಟ್ ಬಳಿಯಬೇಡಿ. ಮಾವಿಗೆ ಶಿಲೀಂಧ್ರ ತಡೆಯುವ ಬೋರ್ಡೋ ಪೇಸ್ಟ್ ಹಚ್ಚಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಎರಡನ್ನೂ ಅರ್ಧರ್ಧ ಲೀಟರ್ ನೀರಲ್ಲಿ ಬೇರೆ ಬೇರೆ ಕದಡಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ. ಕಬ್ಬಿಣದ ಪಾತ್ರೆ ಬೇಡ.

ಈಗ ಅವಸರ ಮಾಡಬೇಡಿ. ಹಣ್ಣು ಮುಗಿದ ಮೇಲೆ, ಜುಲೈ–ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟ ದಿನ ನೋಡಿ. ತಡವಾದರೆ ಹೊಸ ಚಿಗುರು ಬಲಿಯುವುದಿಲ್ಲ, ಮುಂದಿನ ವರ್ಷ ಹೂವು ಕಡಿಮೆ. ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಸೊಪ್ಪು ತೆಗೆಸಬೇಡಿ. ಮರದ ರಸ ಹೀರಿ ರೆಂಬೆ ಮೇಲೇ ಬೆಳೆಯುವ ಬಂದಳಿಕೆ ಗಿಡ ಇದ್ದರೆ ಅದೇ ದಿನ ತೆಗೆಸಿ. ಅದನ್ನು ಕಿತ್ತರೆ ಸಾಲದು, ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ರೆಂಬೆಯನ್ನೇ ಕತ್ತರಿಸಬೇಕು. ಸೊನೆ ಮೈಗೆ ತಾಗಿದರೆ ಸುಡುತ್ತದೆ, ತುಂಬುತೋಳಿನ ಅಂಗಿ ಇರಲಿ. ಹಕ್ಕಿಗೂಡಿನಲ್ಲಿ ಮರಿ ಕಂಡರೆ ಎರಡು ವಾರ ತಡೆಯಿರಿ.

ಆ ದಿನದ ಅಡುಗೆ ಬೆಳಿಗ್ಗೆ ಬೇಗ ಮುಗಿಸಿಬಿಡಿ. ಕೊನೆಯ ತುಂಡು ನೆಲಕ್ಕೆ ಬರುವ ತನಕ ಆ ಹೆಂಚಿನ ಕೆಳಗೆ ಯಾರೂ ಇರಬಾರದು.