ಓದುಗರ ಪ್ರಶ್ನೆ: ಕಬಡ್ಡಿಯ ಕೋಟಿ ಯಾರ ಪಾಲಿಗೆ?

ಪ್ರಶ್ನೆ: ಮಗ ಮೊದಲ ಪಿಯುಸಿ. ಕಬಡ್ಡಿ ಚೆನ್ನಾಗಿ ಆಡುತ್ತಾನೆ. ಪ್ರೊ ಕಬಡ್ಡಿಯಲ್ಲಿ ಕೋಟಿಗಟ್ಟಲೆ ಕೊಡ್ತಾರೆ, ಕಾಲೇಜು ಬಿಡ್ತೀನಿ ಅಂತ ಹಟ ಹಿಡಿದಿದ್ದಾನೆ. ಏನು ಮಾಡಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಆಟ ಬಿಡಿಸಬೇಡಿ ಅಮ್ಮಾ, ಕಾಲೇಜೂ ಬಿಡಿಸಬೇಡಿ.

ಕೋಟಿಯ ಮಾತು ಸುಳ್ಳಲ್ಲ. ಪ್ರೊ ಕಬಡ್ಡಿ ಲೀಗ್‌ನ ತಂಡಗಳು ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತವೆ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್ ಅವರಿಗೆ, 12.80 ಲಕ್ಷ. 2023ರಲ್ಲಿ ತೆಲುಗು ಟೈಟಾನ್ಸ್ ತಂಡ ಪವನ್ ಸೆಹ್ರಾವತ್ ಅವರಿಗೆ ಕೊಟ್ಟಿದ್ದು 2.60 ಕೋಟಿಗೂ ಜಾಸ್ತಿ. ಹಳ್ಳಿ ಹುಡುಗರು ಆಡುವ ಆಟಕ್ಕೆ ಇಷ್ಟು ಬೆಲೆ ಬಂದಿದ್ದು ನನಗೆ ನಿಜಕ್ಕೂ ಖುಷಿ.

ಆದರೆ ಲೆಕ್ಕ ನೋಡಿ. ಲೀಗ್‌ನಲ್ಲಿ 12 ತಂಡ, ಒಂದೊಂದರಲ್ಲಿ ಹೆಚ್ಚೆಂದರೆ 25 ಆಟಗಾರರು. ಅಲ್ಲಿಗೆ ಇಡೀ ದೇಶಕ್ಕೆ 300 ಜಾಗ, ಅದರಲ್ಲೂ ಇರಾನ್ ಮುಂತಾದ ಕಡೆಯವರಿಗೆ ಒಂದಿಷ್ಟು ಹೋಗುತ್ತೆ. 2024ರ ಹರಾಜಿನಲ್ಲಿ ಕೊನೆಯ ವರ್ಗದ ಮೂಲ ಬೆಲೆ 9 ಲಕ್ಷ ಇತ್ತು, ಅದೂ ಒಂದು ಸೀಸನ್‌ಗೆ. ಮುಂದಿನ ವರ್ಷ ಯಾರೂ ಕೊಳ್ಳದಿದ್ದರೆ?

ಇನ್ನು ಮಂಡಿಯ ಪೆಟ್ಟಿನ ಭಯ. ಇದೇ ಪವನ್ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ತಂಡ ಸೇರಿ, ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಹೊರಗೆ ಕೂತರು. ಅಷ್ಟು ದೊಡ್ಡ ಹೆಸರಿದ್ದಿದ್ದಕ್ಕೆ ಮತ್ತೆ ಕೊಳ್ಳುವವರು ಸಿಕ್ಕರು. ಹದಿನೇಳರ ಹುಡುಗನಿಗೆ ಹಾಗಾದರೆ ಯಾರು ಕಾಯ್ತಾರೆ?

ಕಾಲೇಜು ಆಟಕ್ಕೆ ಅಡ್ಡಿ ಅಲ್ಲ ಅಂತ ಮಗನಿಗೆ ಹೇಳಿ. ಕಾಲೇಜು ತಂಡ, ವಿಶ್ವವಿದ್ಯಾಲಯದ ತಂಡ, ಅಂತರ ವಿಶ್ವವಿದ್ಯಾಲಯ ಟೂರ್ನಿ, ಇವೆಲ್ಲ ದೊಡ್ಡ ತರಬೇತುದಾರರ ಕಣ್ಣಿಗೆ ಬೀಳುವ ದಾರಿಗಳೇ. ರೈಲ್ವೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ ಕೆಲಸಕ್ಕೂ ಓದಿನ ಅರ್ಹತೆ ಕೇಳ್ತಾರೆ. ಮತ್ತೆ, ದುಡ್ಡು ಕೊಟ್ಟರೆ ಲೀಗ್‌ಗೆ ಸೇರಿಸ್ತೀವಿ ಅನ್ನೋರು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ.

ಪ್ರಶ್ನೆ: ಹುಡುಗಿಯರ ಪ್ರೊ ಕಬಡ್ಡಿ ಯಾಕಿಲ್ಲ? ನೋಡುವವರಿಲ್ಲ ಅಂತಾರೆ, ನಿಜವಾ?
– ಪದವಿ ವಿದ್ಯಾರ್ಥಿನಿ, ಪುತ್ತೂರು

ಉತ್ತರ: ನಾನು ಒಪ್ಪಲ್ಲ. 2014ಕ್ಕೆ ಮುಂಚೆ ಗಂಡಸರ ಕಬಡ್ಡಿಯನ್ನು ಟಿವಿಯಲ್ಲಿ ಯಾರು ನೋಡ್ತಾರೆ ಅಂತಲೇ ಕೇಳ್ತಿದ್ದರು. ಒಳ್ಳೆ ಕ್ಯಾಮೆರಾ, ದಿನಾ ಸಂಜೆ ಒಂದೇ ಹೊತ್ತಿಗೆ ಪಂದ್ಯ, ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕೆಂಬ ನಿಯಮ, ಇಷ್ಟೆಲ್ಲ ಜೋಡಿಸಿದ ಮೇಲೆ ಜನ ಬಂದರು. ಹೆಂಗಸರಿಗೆ 2016ರಲ್ಲಿ ಬರೀ ಮೂರು ತಂಡ ಕಟ್ಟಿ ಒಂದು ಪುಟ್ಟ ಟೂರ್ನಿ ಮಾಡಿ ಕೈಬಿಟ್ಟರು. ಅಷ್ಟರಲ್ಲಿ ಪ್ರೇಕ್ಷಕರು ಹುಟ್ತಾರಾ?

ಆಟದಲ್ಲಿ ಕೊರತೆ ಇಲ್ಲ. ನಮ್ಮ ಕಾರ್ಕಳ ಕಡೆಯ ಮಮತಾ ಪೂಜಾರಿ 2010, 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದವರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲೂ ಚಿನ್ನ ನಮ್ಮ ಹುಡುಗಿಯರದೇ. ಕ್ರಿಕೆಟ್‌ನಲ್ಲಿ ಮಹಿಳಾ ಲೀಗ್ ಶುರುವಾಗುವ ಮೊದಲೇ ಐದು ವರ್ಷದ ಪ್ರಸಾರ ಹಕ್ಕು 951 ಕೋಟಿಗೆ ಹೋಯಿತು. ಅಂದರೆ ದುಡ್ಡು ಹಾಕುವವರು ಇದ್ದಾರೆ, ಕಬಡ್ಡಿಯಲ್ಲಿ ಆ ಮಟ್ಟದ ಧೈರ್ಯ ಕಾಣಲಿಲ್ಲ.

ನಿಮ್ಮ ಕಡೆ ಹೊನಲು ಬೆಳಕಿನ ಟೂರ್ನಿಗಳು ಸಾಕಷ್ಟು ನಡೆಯುತ್ತವೆ. ಮುಂದಿನ ಸಲ ಸಂಘಟಕರು ಚಂದಾ ಕೇಳಲು ಬಂದಾಗ ಹುಡುಗಿಯರ ವಿಭಾಗ ಇದೆಯಾ, ಬಹುಮಾನ ಸಮ ಇದೆಯಾ ಅಂತ ಕೇಳಿ, ಆಮೇಲೆ ಕೊಡಿ.